ಅಜ್ಜಿಯ ಮಾತನ್ನ ಅಕ್ಷರದಲ್ಲಿ ತೋರಿಸ್ಬೇಕು, ಭಾವ ಕೆಡದ ಹಾಗೆ ಟೆಕ್ಸ್ಟ್ ಅನಿಮೇಷನ್ ಮಾಡೋದು ಹೇಗೆ?

ಮಂಜಿನೂರು (ಮಡಿಕೇರಿ):

ಎಲ್ಲರಿಗೂ ನಮಸ್ಕಾರ. ಒಂದು ಚಿಕ್ಕ ವಿಡಿಯೋ ಮಾಡ್ತಿದೀನಿ, ಹೆಚ್ಚು ಅಂದ್ರೆ ಮೂರು ನಿಮಿಷ. 2018ರ ಆಗಸ್ಟ್ ಮಳೇಲಿ ಮಕ್ಕಂದೂರು ಕಡೆ ಗುಡ್ಡ ಕುಸಿದಾಗ ಮನೆನೂ ತೋಟನೂ ಕಳ್ಕೊಂಡ ಒಬ್ರು ಅಜ್ಜಿ ನಮ್ಮ ಸಂಬಂಧದಲ್ಲಿದ್ದಾರೆ, ಆ ರಾತ್ರಿ ಬಗ್ಗೆ ಅವರು ಹೇಳಿದ್ದನ್ನ ಫೋನಲ್ಲಿ ರೆಕಾರ್ಡ್ ಮಾಡ್ಕೊಂಡಿದೀನಿ. ಮುಖ ತೋರಿಸೋದು ಬೇಡ ಅಂದ್ರು, ಸರಿ ಅಂತ ಒಪ್ಕೊಂಡೆ. ಹಾಗಾಗಿ ವಿಡಿಯೋದಲ್ಲಿ ಇರೋದು ಅವರ ದನಿ, ಮಳೆ ಸದ್ದು, ಮಂಜು ಮುಚ್ಚಿದ ಗುಡ್ಡದ ಒಂದೆರಡು ಶಾಟ್, ಮತ್ತೆ ಸ್ಕ್ರೀನ್ ಮೇಲೆ ಅವರ ಮಾತು ಅಕ್ಷರವಾಗಿ ಬರೋದು, ಅಷ್ಟೇ. ಮುಖ ಮಾಡ್ಬೇಕಿದ್ದ ಕೆಲಸನ ಇಲ್ಲಿ ಅಕ್ಷರನೇ ಮಾಡ್ಬೇಕು.

ಟೆಂಪ್ಲೇಟ್ ಹಾಕಿ ನೋಡ್ದೆ, ಯಾವುದೂ ಕೂರ್ತಾ ಇಲ್ಲ. ಒಂದು ಮದುವೆ ಆಹ್ವಾನದ ವಿಡಿಯೋ ಹಾಗೆ ಕಾಣುತ್ತೆ, ಇನ್ನೊಂದು ನ್ಯೂಸ್ ಚಾನೆಲ್‌ನ ಬ್ರೇಕಿಂಗ್ ಪಟ್ಟಿ ಹಾಗೆ. ಅಕ್ಷರ ಹಾರಿ ಬರುತ್ತೆ, ತಿರುಗುತ್ತೆ, ಪುಟಿಯುತ್ತೆ, ಆದ್ರೆ ಅಜ್ಜಿ ಹೇಳ್ತಿರೋ ಮಾತಿಗೂ ಅದಕ್ಕೂ ಸಂಬಂಧನೇ ಇಲ್ಲ.

ಮೂರು ಸಾಲು ಉದಾಹರಣೆಗೆ ಕೊಡ್ತೀನಿ, ಈ ಮೂರು ಸರಿಯಾದ್ರೆ ಉಳಿದಿದ್ದು ನಾನೇ ನೋಡ್ಕೋತೀನಿ.

"ಮಳೆ ನಮಗೇನು ಹೊಸದಲ್ಲ ಮಗಾ." ಇದು ಶುರುವಲ್ಲಿ ಬರೋದು, ತುಂಬಾ ನಿಧಾನವಾಗಿ, ಸಲೀಸಾಗಿ ಹೇಳ್ತಾರೆ.

"ಗುಡ್ಡದ ಒಳಗಿಂದ ಒಂದು ಸದ್ದು ಬಂತು." ಇದನ್ನ ಹೇಳೋಕೆ ಮುಂಚೆ ಸ್ವಲ್ಪ ಹೊತ್ತು ಸುಮ್ಮನಾಗ್ತಾರೆ.

"ಬೆಳಗ್ಗೆ ನೋಡಿದ್ರೆ ತೋಟ ಇರ್ಲಿಲ್ಲ." ಇದನ್ನ ಒಂದೇ ಉಸಿರಲ್ಲಿ ಹೇಳಿ ಮುಗಿಸ್ತಾರೆ, ದನಿ ಏರೋದೂ ಇಲ್ಲ ಇಳಿಯೋದೂ ಇಲ್ಲ.

ಒಂದು ರೀತಿ ಚಲನೆ ನೋಡಿದ್ರೆ ಸಮಾಧಾನ ಆಗುತ್ತೆ, ಇನ್ನೊಂದು ರೀತಿ ನೋಡಿದ್ರೆ ಎದೆ ಹೊಡ್ಕೊಳ್ಳುತ್ತೆ, ಅದು ಯಾಕೆ? ಅದರ ಹಿಂದೆ ಹಿಡ್ಕೊಳ್ಳೋಕೆ ಏನಾದ್ರೂ ತತ್ವ ಇದ್ಯಾ ಇಲ್ಲಾ ಎಲ್ಲಾ ಕಣ್ಣಂದಾಜಾ? ಇನ್ನೊಂದು, ನುಡಿ ಫಾಂಟಲ್ಲಿ ಟೈಪ್ ಮಾಡಿ ಅಕ್ಷರ ಅಕ್ಷರವಾಗಿ ಅನಿಮೇಟ್ ಮಾಡಿದ್ರೆ ಒತ್ತು ಒಂದು ಕಡೆ ಕೊಂಬು ಒಂದು ಕಡೆ ಬರ್ತಾ ಇದೆ, ಅದಕ್ಕೂ ದಾರಿ ಹೇಳಿ. ವಿಡಿಯೋ ಸಾಫ್ಟ್‌ವೇರ್ ಅಂದ್ರೆ ಆಫ್ಟರ್ ಎಫೆಕ್ಟ್ಸ್ ಇದೆ, ಡಾವಿಂಚಿ ರಿಸಾಲ್ವ್‌ನ ಫ್ರೀ ಆವೃತ್ತಿನೂ ಇದೆ.

ಕುಶಾಲನಗರ ಸ್ಟುಡಿಯೋ:

ಮದುವೆ, ನಾಮಕರಣ, ಕ್ಲಬ್ಬಿನ ಹಾಕಿ ಟೂರ್ನಮೆಂಟ್ ಎಲ್ಲಾ ಎಡಿಟ್ ಮಾಡೋನು ನಾನು, ಟೆಂಪ್ಲೇಟ್ ದಿನಾ ಬಳಸ್ತೀನಿ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಟೆಂಪ್ಲೇಟಿನ ವೇಗ ಅದನ್ನ ಮಾಡಿದವನ ವೇಗ, ನಿಮ್ಮ ಅಜ್ಜಿ ಮಾತಿನ ವೇಗ ಅಲ್ಲ. ಅದಕ್ಕೇ ಕೂರ್ತಾ ಇಲ್ಲ. ಮೊದಲು ಎಫೆಕ್ಟ್ ಯಾವುದು ಅಂತ ಹುಡುಕೋದು ಬಿಟ್ಟು ಅವರ ಆಡಿಯೋ ಕೇಳಿ, ಬರೀ ಕೇಳಿ, ಎಲ್ಲಿ ಉಸಿರು ತಗೋತಾರೆ, ಯಾವ ಪದ ಎಳೀತಾರೆ, ಯಾವುದನ್ನ ನುಂಗ್ತಾರೆ ಅನ್ನೋದು ಬಾಯಿಗೆ ಬರೋವರೆಗೂ ಕೇಳಿ.

ಆಮೇಲೆ ಆಫ್ಟರ್ ಎಫೆಕ್ಟ್ಸ್‌ನಲ್ಲಿ ಆಡಿಯೋ ಲೇಯರ್ ಆರಿಸಿ ಎಲ್ ಎರಡು ಸಲ ಒತ್ತಿ, ವೇವ್‌ಫಾರ್ಮ್ ಅಂದ್ರೆ ದನಿಯ ಏರಿಳಿತದ ಗೆರೆಚಿತ್ರ ಕಾಣುತ್ತೆ. ಪ್ರತಿ ಪದ ಶುರುವಾಗೋ ಕಡೆ ಒಂದು ಮಾರ್ಕರ್ ಹಾಕ್ಕೊಳ್ಳಿ. ರಿಸಾಲ್ವ್‌ನಲ್ಲಿ ಎಮ್ ಒತ್ತಿದ್ರೆ ಮಾರ್ಕರ್. ಹಾಡಿಗೆ ಟೆಕ್ಸ್ಟ್ ಕೂರಿಸೋದು ಸುಲಭ, ಯಾಕಂದ್ರೆ ಅಲ್ಲಿ ತಾಳದ ಲೆಕ್ಕ ಇದೆ, 100 ಬಿಪಿಎಂ (ನಿಮಿಷಕ್ಕೆ 100 ತಾಳ) ಹಾಡು ಸೆಕೆಂಡಿಗೆ 25 ಫ್ರೇಮ್ ಇರೋ ವಿಡಿಯೋದಲ್ಲಿದ್ರೆ ಒಂದು ತಾಳಕ್ಕೆ 15 ಫ್ರೇಮ್, ಕಣ್ಣು ಮುಚ್ಕೊಂಡು ಹಾಕ್ಬಹುದು. ಮಾತಿಗೆ ಆ ಲೆಕ್ಕ ಇಲ್ಲ, ಪ್ರತಿ ಪದದ ಜಾಗನೂ ಕಿವಿಲೇ ಹುಡುಕ್ಬೇಕು, ಇದಕ್ಕೆ ಅಡ್ಡದಾರಿ ಇಲ್ಲ.

ಒಂದು ವಿಷಯ ಗಟ್ಟಿಯಾಗಿ ಹೇಳ್ತೀನಿ. ಮಾತು ಬರೋಕೆ ಮುಂಚೆ ಅಕ್ಷರ ಬರ್ಬಾರ್ದು. ಜನ ಕೇಳೋದಕ್ಕಿಂತ ಬೇಗ ಓದ್ತಾರೆ. "ತೋಟ ಇರ್ಲಿಲ್ಲ" ಅನ್ನೋದು ಪೂರ್ತಿ ಸಾಲಾಗಿ ಮೊದಲೇ ಸ್ಕ್ರೀನ್ ಮೇಲೆ ಬಂದ್ಬಿಟ್ರೆ ಅಜ್ಜಿ ಅದನ್ನ ಹೇಳೋ ಹೊತ್ತಿಗೆ ನೋಡೋರಿಗೆ ಗೊತ್ತಾಗಿರುತ್ತೆ, ಆ ಮಾತಿನ ಪೆಟ್ಟೇ ಹೋಯ್ತು. ಒಂದೆರಡು ಫ್ರೇಮ್ ಮುಂಚೆ ಬಂದ್ರೆ ಪರವಾಗಿಲ್ಲ, 25 ಫ್ರೇಮ್ ಲೆಕ್ಕದಲ್ಲಿ ಒಂದು ಫ್ರೇಮ್ ಅಂದ್ರೆ 40 ಮಿಲಿಸೆಕೆಂಡ್, ಕಿವಿಗೂ ಕಣ್ಣಿಗೂ ಅಷ್ಟು ವ್ಯತ್ಯಾಸ ಗೊತ್ತಾಗಲ್ಲ.

ಇನ್ನು ಭಾವ ಎಲ್ಲಿಂದ ಬರುತ್ತೆ ಅಂದ್ರೆ ನನ್ನ ಪ್ರಕಾರ ಮುಕ್ಕಾಲು ಪಾಲು ಈಸಿಂಗ್‌ನಿಂದ, ಅಂದ್ರೆ ಚಲನೆಯ ವೇಗ ಏರಿಳಿಯೋ ರೀತಿಯಿಂದ. ಅಕ್ಷರ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕಿಂತ ಹೇಗೆ ಶುರುವಾಗಿ ಹೇಗೆ ನಿಲ್ಲುತ್ತೆ ಅನ್ನೋದು ಮುಖ್ಯ. ಒಂದೇ ವೇಗದಲ್ಲಿ ಬಂದು ಒಂದೇ ವೇಗದಲ್ಲಿ ನಿಂತ್ರೆ ಯಂತ್ರದ ಚಲನೆ, ಅದರಲ್ಲಿ ಯಾವ ಭಾವನೂ ಇಲ್ಲ. ಬರ್ತಾ ಬರ್ತಾ ನಿಧಾನ ಆಗಿ ನಿಂತ್ರೆ ನೋಡೋರ ಉಸಿರೂ ನಿಧಾನ ಆಗುತ್ತೆ. ಎರಡು ಮೂರು ಫ್ರೇಮಲ್ಲಿ ಬಂದು ಗಕ್ಕನೆ ನಿಂತ್ರೆ ಪೆಟ್ಟು. ಕೀಫ್ರೇಮ್ (ಚಲನೆಯ ಶುರು, ಕೊನೆ ಗುರುತಿಸೋ ಬಿಂದು) ಆರಿಸಿ ಎಫ್9 ಒತ್ತಿದ್ರೆ ಈಸಿ ಈಸ್ ಬರುತ್ತೆ, ಆದ್ರೆ ಅಲ್ಲಿಗೇ ನಿಲ್ಲಿಸ್ಬೇಡಿ, ಗ್ರಾಫ್ ಎಡಿಟರ್ ತೆಗೆದು ಹ್ಯಾಂಡಲ್ ಎಳೆದು ನೋಡಿ. ಮೊದಲ ಸಾಲಿಗೆ ನಾನಾಗಿದ್ರೆ ಜಾಗ ಬದಲಾಯಿಸೋದೇ ಇಲ್ಲ, ಒಂದೊಂದು ಪದನೂ 20-25 ಫ್ರೇಮಲ್ಲಿ ಮೆಲ್ಲಗೆ ಮೂಡೋ ಹಾಗೆ ಬರೀ ಒಪಾಸಿಟಿ (ಅಕ್ಷರ ಎಷ್ಟು ಗಾಢ ಅನ್ನೋದು), ಅದರ ಜೊತೆ ನಾಲ್ಕೈದು ಪಿಕ್ಸೆಲ್ ಮೇಲಕ್ಕೆ ಸರಿಯೋದು ಸಾಕು.

ಮೂರನೇ ಸಾಲಿಗೆ ಅನಿಮೇಷನ್ನೇ ಬೇಡ. ಕಟ್, ಅಂದ್ರೆ ಒಂದು ಫ್ರೇಮಲ್ಲಿ ಇಲ್ಲ, ಮುಂದಿನ ಫ್ರೇಮಲ್ಲಿ ಇದೆ. ಇದೆ, ಇಲ್ಲ. ಅಷ್ಟೇ.

ಅಕ್ಷರಕೊಟ್ಟಿಗೆ:

ವಿರಾಜಪೇಟೆ ಕಡೆಯವಳು, ಈಗ ಬೆಂಗಳೂರಲ್ಲಿ ಅಕ್ಷರ ವಿನ್ಯಾಸದ ಕೆಲಸ. ಕನ್ನಡದ ಸಮಸ್ಯೆ ಮೊದಲು ಬಿಡಿಸ್ತೀನಿ ಯಾಕಂದ್ರೆ ಅದು ಸರಿ ಹೋಗದೆ ಭಾವದ ಮಾತು ಆಡಿ ಉಪಯೋಗ ಇಲ್ಲ.

ಹಳೇ ನುಡಿ ಫಾಂಟುಗಳು ಯುನಿಕೋಡ್ (ಎಲ್ಲಾ ಭಾಷೆಯ ಅಕ್ಷರಕ್ಕೂ ಇರೋ ಸಾಮಾನ್ಯ ಸಂಕೇತ ಪದ್ಧತಿ) ಅಲ್ಲ. ಅದರಲ್ಲಿ ಒಂದು ಅಕ್ಷರ ಅಂತ ನಮ್ಮ ಕಣ್ಣಿಗೆ ಕಾಣೋದು ಕಂಪ್ಯೂಟರಿಗೆ ಎರಡು ಮೂರು ತುಂಡು, ಮೂಲ ಆಕಾರ ಒಂದು ಕೀ, ಕೊಂಬು ಇನ್ನೊಂದು, ಒತ್ತು ಮತ್ತೊಂದು. ನೀವು ಅಕ್ಷರಕ್ಕೊಂದರ ಹಾಗೆ ಅನಿಮೇಟ್ ಮಾಡು ಅಂದಾಗ ಸಾಫ್ಟ್‌ವೇರ್ ಪ್ರಾಮಾಣಿಕವಾಗಿ ತುಂಡಿಗೊಂದರ ಹಾಗೆ ಮಾಡ್ತಿದೆ. "ಸದ್ದು" ಅನ್ನೋದರಲ್ಲಿ ದಾವತ್ತು ತಡವಾಗಿ ಬಂದ್ರೆ ಒಂದು ಕ್ಷಣ ಅದು "ಸದು" ಆಗಿರುತ್ತೆ, ಓದೋರು ಅಲ್ಲೇ ಎಡವ್ತಾರೆ, ಎಡವಿದ ಕ್ಷಣದಲ್ಲಿ ಭಾವ ಎಲ್ಲಿಂದ ಬರ್ಬೇಕು. ಆದ್ದರಿಂದ ಯುನಿಕೋಡ್ ಫಾಂಟಿಗೆ ಬನ್ನಿ. ಆಫ್ಟರ್ ಎಫೆಕ್ಟ್ಸ್ ಪ್ರಿಫರೆನ್ಸಸ್‌ನಲ್ಲಿ ಟೈಪ್ ಅಂತ ಒಂದು ವಿಭಾಗ ಇದೆ, ಅಲ್ಲಿ ಟೆಕ್ಸ್ಟ್ ಎಂಜಿನ್ (ಅಕ್ಷರ ಜೋಡಿಸೋ ಭಾಗ) ಲ್ಯಾಟಿನ್ ಅಂತ ಇದ್ರೆ ಸೌತ್ ಏಷ್ಯನ್ ಅಂಡ್ ಮಿಡಲ್ ಈಸ್ಟರ್ನ್‌ಗೆ ಬದಲಾಯಿಸಿ, ಇಲ್ಲಾಂದ್ರೆ ಒತ್ತಕ್ಷರ ಕೆಳಗೆ ಕೂರದೆ ಅರ್ಧಾಕ್ಷರವಾಗಿ ಪಕ್ಕದಲ್ಲೇ ನಿಂತ್ಬಿಡುತ್ತೆ.

ಅದಾದ ಮೇಲೂ ಟೆಕ್ಸ್ಟ್ ಅನಿಮೇಟರ್‌ನಲ್ಲಿ ಬೇಸ್ಡ್ ಆನ್ ಅನ್ನೋ ಕಡೆ ಕ್ಯಾರೆಕ್ಟರ್ಸ್ ಬಿಟ್ಟು ವರ್ಡ್ಸ್ ಇಟ್ಕೊಳ್ಳಿ. ಕನ್ನಡದಲ್ಲಿ ಪದನೇ ಒಳ್ಳೆ ಘಟಕ, ನಮ್ಮ ಪದಗಳು ವಿಭಕ್ತಿ ಎಲ್ಲಾ ಅಂಟಿಸ್ಕೊಂಡು ಉದ್ದ ಇರ್ತವೆ, "ಒಳಗಿಂದ" ಅನ್ನೋ ಒಂದು ಪದದಲ್ಲೇ ಒಂದು ಜಾಗ, ಒಂದು ದಿಕ್ಕು ಎರಡೂ ಇದೆ. ಎಲ್ಲೋ ಒಂದು ಕಡೆ ಅಕ್ಷರ ಅಕ್ಷರವಾಗೇ ಬೇಕು ಅಂತಿದ್ರೆ ಆ ಪದನ ಮಾತ್ರ ಕ್ರಿಯೇಟ್ ಶೇಪ್ಸ್ ಫ್ರಮ್ ಟೆಕ್ಸ್ಟ್ (ಅಕ್ಷರನ ಆಕಾರದ ಚಿತ್ರವಾಗಿ ಬದಲಾಯಿಸೋದು) ಮಾಡಿ, ಒಂದು ಅಕ್ಷರಕ್ಕೆ ಸೇರಿದ ತುಂಡುಗಳನ್ನೆಲ್ಲಾ ಒಂದೇ ಗ್ರೂಪಿಗೆ ಹಾಕಿ, ಆಮೇಲೆ ಅನಿಮೇಟ್ ಮಾಡಿ. ಶೇಪ್ ಆದ ಮೇಲೆ ಕಾಗುಣಿತ ತಿದ್ದೋಕಾಗಲ್ಲ, ಮೊದಲೇ ಓದಿಸ್ಕೊಳ್ಳಿ.

ಸಾಲಿನ ನಡುವಿನ ಅಂತರನೂ ನೋಡಿ. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಒಂದಕ್ಕೊಂದು ತಾಗ್ತವೆ. ನಿಂತಿರೋ ಟೆಕ್ಸ್ಟಲ್ಲೇ ಇಕ್ಕಟ್ಟು, ಅದು ಅಲುಗಾಡಿದ್ರೆ ಇನ್ನೂ ಕಷ್ಟ.

ಈಗ ಭಾವದ ಮಾತು. ಇಂಗ್ಲಿಷಲ್ಲಿ ಕಿರುಚೋದನ್ನ ತೋರಿಸ್ಬೇಕಂದ್ರೆ ದೊಡ್ಡಕ್ಷರ ಇದೆ, ಪಿಸುಮಾತಿಗೆ ಓರೆ ಅಕ್ಷರ ಇದೆ, ಓದೋರಿಗೆ ಅವೆರಡೂ ಅಭ್ಯಾಸ ಆಗಿವೆ. ನಮ್ಮಲ್ಲಿ ದೊಡ್ಡಕ್ಷರ ಇಲ್ಲವೇ ಇಲ್ಲ, ಓರೆ ಅಕ್ಷರದ ರೂಢಿ ಗಟ್ಟಿಯಾಗಿ ಬೇರೂರಿಲ್ಲ. ಅದೂ ಅಲ್ಲದೆ ಕನ್ನಡ ಪೂರ್ತಿ ದುಂಡು. ದುಂಡು ಆಕಾರಕ್ಕೂ ಮೃದು ಭಾವಕ್ಕೂ, ಚೂಪು ಆಕಾರಕ್ಕೂ ಗಡಸು ಭಾವಕ್ಕೂ ನಂಟು ಕಟ್ಟೋದು ಮನುಷ್ಯರ ಸಹಜ ಒಲವು, ಮನಶ್ಶಾಸ್ತ್ರಜ್ಞ ಕೋಹ್ಲರ್ 1929ರಲ್ಲೇ ಅರ್ಥವಿಲ್ಲದ ಪದಗಳನ್ನ ದುಂಡು, ಚೂಪು ಚಿತ್ರಗಳ ಜೊತೆ ಇಟ್ಟು ಸದ್ದಿಗೂ ಆಕಾರಕ್ಕೂ ಇರೋ ಇಂಥದ್ದೇ ನಂಟಿನ ಬಗ್ಗೆ ಬರೆದಿದ್ದರು, 2001ರಲ್ಲಿ ರಾಮಚಂದ್ರನ್ ಮತ್ತು ಹಬ್ಬರ್ಡ್ ಮತ್ತೆ ಅದೇ ವಿಷಯ ಎತ್ಕೊಂಡ್ರು. ಹಾಗಾದ್ರೆ ಭಯಕ್ಕೆ ಕನ್ನಡ ಅಕ್ಷರನ ಚೂಪು ಮಾಡ್ಬೇಕಾ? ಬೇಡ. ತಲೆಕಟ್ಟು ಕತ್ತಿ ಥರ ಎಳೆದ್ರೆ ದೆವ್ವದ ಸಿನಿಮಾ ಪೋಸ್ಟರ್ ಆಗುತ್ತೆ, ಅಜ್ಜಿ ಮಾತು ಆಗಲ್ಲ. ನಮಗಿರೋ ಸಾಧನ ದಪ್ಪ-ತೆಳು, ದೊಡ್ಡದು-ಚಿಕ್ಕದು, ಪದಗಳ ನಡುವಿನ ಜಾಗ, ಮತ್ತೆ ಎಲ್ಲಕ್ಕಿಂತ ಹೆಚ್ಚಾಗಿ ಸಮಯ. ಕನ್ನಡದಲ್ಲಿ ಚಲನೆಗೆ ಇಂಗ್ಲಿಷಿಗಿಂತ ಜಾಸ್ತಿ ಕೆಲಸ ಇದೆ, ಇದನ್ನ ನಾನು ಪೂರ್ತಿ ನಂಬ್ತೀನಿ.

ಫಾಂಟು ಅಂದ್ರೆ, ಅನೇಕ್ ಕನ್ನಡ ನೋಡಿ, ಗೂಗಲ್ ಫಾಂಟ್ಸಲ್ಲಿ ಪುಕ್ಕಟೆ ಸಿಗುತ್ತೆ, ತೀರಾ ತೆಳುವಿಂದ ತೀರಾ ದಪ್ಪದವರೆಗೆ, ಕಿರಿದರಿಂದ ಅಗಲದವರೆಗೆ ಒಂದೇ ಕುಟುಂಬದಲ್ಲಿದೆ. ದನಿ ಸಣ್ಣ ಆದಾಗ ತೆಳು, ಗಟ್ಟಿ ಆದಾಗ ದಪ್ಪ ಅಂತ ಬೇರೆ ಬೇರೆ ಫಾಂಟ್ ಹುಡುಕದೇನೇ ಮಾಡ್ಬಹುದು. ಪುಸ್ತಕದ ಗಾಂಭೀರ್ಯ ಬೇಕಿದ್ರೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ. ಬಾಲೂ ತಮ್ಮ ನನಗೆ ಬಹಳ ಇಷ್ಟದ ಫಾಂಟು, ಆದ್ರೆ ಅದು ಉಬ್ಬಿದ ಕೆನ್ನೆಯ ಮಗು, ಇಲ್ಲಿಗೆ ಬೇಡ.

ಸಂಪಾಜೆ ಘಾಟಿ:

ಕುಶಾಲನಗರದವರು ಹೇಳಿದ್ದು ಮೊದಲ ಸಾಲಿಗೂ ಮೂರನೇ ಸಾಲಿಗೂ ಸರಿ ಉಂಟು. ಆದ್ರೆ ನಡುವಿನ ಸಾಲು? ಅದಕ್ಕೆ ಅವರು ಏನೂ ಹೇಳ್ಲಿಲ್ಲ ಮಾರಾಯ್ರೆ. ನಮ್ಮ ಕಡೆ ಜೋಡುಪಾಲದಲ್ಲಿ ಆವತ್ತು ಗುಡ್ಡ ಕುಸಿದಾಗ ಏನಾಯ್ತು ಅಂತ ನೋಡಿದವರು ನಾವು. ಗುಡ್ಡ ಒಳಗಿಂದ ಸದ್ದು ಮಾಡೋದು ಕಿವಿಗೆ ಮಾತ್ರ ಕೇಳೋದಲ್ಲ, ಕಾಲಿಗೆ ಗೊತ್ತಾಗುದು. "ಸದ್ದು" ಅನ್ನುವ ಪದ ನಡುಗ್ಬೇಕು. ನಡುಗ್ದಿದ್ರೆ ಬೆಂಗಳೂರಲ್ಲಿ ಕೂತು ನೋಡುವವರಿಗೆ ಅದು ಇನ್ನೊಂದು ಸಾಮಾನ್ಯ ವಾಕ್ಯ ಅಷ್ಟೆ.

ಮಾಡುವ ಕ್ರಮ ಇದು. ಪೊಸಿಷನ್ (ಅಕ್ಷರದ ಜಾಗ) ಮೇಲೆ ವಿಗಲ್ ಎಕ್ಸ್‌ಪ್ರೆಷನ್, ಅಂದ್ರೆ ಅಲುಗಾಡಿಸುವ ಸಣ್ಣ ಸೂತ್ರ ಹಾಕಿ, ಅದರಲ್ಲಿ ಮೊದಲ ಸಂಖ್ಯೆ ಸೆಕೆಂಡಿಗೆ ಎಷ್ಟು ಸಲ ಅಂತ, ಎರಡನೇದು ಎಷ್ಟು ಪಿಕ್ಸೆಲ್ ಅಂತ. 12 ಮತ್ತು 2 ಇಡಿ. ಎರಡು ಪಿಕ್ಸೆಲ್ ಸಾಕು, ಜಾಸ್ತಿ ಬೇಡ. ಹತ್ತು ಹದಿನೈದು ಪಿಕ್ಸೆಲ್ ಇಟ್ರೆ ಅಕ್ಷರ ಕುಣಿದ ಹಾಗೆ ಕಾಣ್ತದೆ, ಭಯ ಹೋಗಿ ತಮಾಷೆ ಆಗ್ತದೆ. ಸಣ್ಣ ನಡುಕ ಕಣ್ಣಿಗೆ ಸರಿಯಾಗಿ ಕಾಣುದಿಲ್ಲ ಆದ್ರೆ ಏನೋ ಸರಿ ಇಲ್ಲ ಅಂತ ಮೈಗೆ ಗೊತ್ತಾಗ್ತದೆ, ನಮಗೆ ಬೇಕಾದ್ದು ಅದೇ.

ಮತ್ತೆ ಮಳೆ ರಾತ್ರಿ ಆದ ಕಾರಣ ಹಿಂದೆ ಮಿಂಚು ಹೊಡೆದ ಹಾಗೆ ಬಿಳಿ ಫ್ಲ್ಯಾಶ್ ನಾಲ್ಕೈದು ಸಲ ಕೊಡ್ಬಹುದು.

ಮಂಜಿನೂರು:

ಅಕ್ಕ, ಟೆಕ್ಸ್ಟ್ ಎಂಜಿನ್ ಬದಲಾಯಿಸಿದ ತಕ್ಷಣ ಒತ್ತು ಎಲ್ಲಾ ಜಾಗಕ್ಕೆ ಬಂತು, ತುಂಬಾ ಥ್ಯಾಂಕ್ಸ್. ಅನೇಕ್ ಹಾಕಿದೀನಿ.

ಸಂಪಾಜೆಯವರು ಹೇಳಿದ ಹಾಗೆ ಎರಡು ಪಿಕ್ಸೆಲ್ ನಡುಕನೂ ಕೊಟ್ಟು ನೋಡ್ದೆ. ಸದ್ದು ಆಫ್ ಮಾಡಿ ನೋಡಿದ್ರೆ ನಿಜವಾಗ್ಲೂ ಭಯ ಆಗುತ್ತೆ. ಅಜ್ಜಿ ದನಿ ಜೊತೆ ನೋಡಿದ್ರೆ ಎರಡೂ ಹೊಂದ್ತಾ ಇಲ್ಲ, ಯಾಕೆ ಅಂತ ಗೊತ್ತಾಗ್ತಿಲ್ಲ. ದನಿ ಒಂದು ಕಡೆ ಹೋಗ್ತಿದೆ, ಅಕ್ಷರ ಇನ್ನೊಂದು ಕಡೆ.

ಪಾಠದ ಮನೆ:

ಮಾಧ್ಯಮ ವಿಭಾಗದಲ್ಲಿ ಪಾಠ ಮಾಡ್ತೀನಿ, ಈ ವಿಷಯ ಮಕ್ಕಳ ಜೊತೆ ಪ್ರತಿ ವರ್ಷ ಮಾತಾಡ್ತೀವಿ, ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ನೀವು ಮೊದಲು ಕೇಳಿದ ಪ್ರಶ್ನೆ, ಚಲನೆ ನೋಡಿದ್ರೆ ಭಾವ ಯಾಕೆ ಬರುತ್ತೆ ಅನ್ನೋದು. 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ಅನ್ನೋ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಸಣ್ಣ ಚಿತ್ರ ಮಾಡಿದ್ರು, ಅದರಲ್ಲಿ ಒಂದು ದೊಡ್ಡ ತ್ರಿಕೋನ, ಒಂದು ಸಣ್ಣ ತ್ರಿಕೋನ, ಒಂದು ವೃತ್ತ ಓಡಾಡ್ತವೆ ಅಷ್ಟೇ, ಕಣ್ಣಿಲ್ಲ ಬಾಯಿಲ್ಲ. ನೋಡಿದವರು ಹೆಚ್ಚುಕಡಿಮೆ ಎಲ್ಲರೂ ಅದನ್ನ ಜಗಳ, ಹೆದರಿಕೆ, ತಪ್ಪಿಸ್ಕೊಳ್ಳೋದು ಅಂತ ಕತೆಯಾಗಿ ಹೇಳಿದ್ರು. ಚಲಿಸೋ ವಸ್ತುಗೆ ಮನಸ್ಸಿದೆ ಅಂತ ನಮ್ಮ ತಲೆ ತಾನೇ ಅಂದ್ಕೊಳ್ಳುತ್ತೆ. ಬರೀ ತ್ರಿಕೋನಕ್ಕೇ ಹೀಗೆ ಆದ್ರೆ ಅರ್ಥ ಇರೋ ಪದಕ್ಕೆ ಎಷ್ಟಾಗ್ಬೇಡ. ಪದದ ಅರ್ಥ ಒಂದು ದನಿ, ಅದರ ಚಲನೆ ಇನ್ನೊಂದು ದನಿ, ನೋಡೋರು ಎರಡನ್ನೂ ಒಟ್ಟಿಗೆ ಕೇಳ್ತಾರೆ.

ಸಿನಿಮಾದವರು ಇದನ್ನ ಬೇಗ ಹಿಡ್ಕೊಂಡ್ರು. ವಿನ್ಯಾಸಕ ಸಾಲ್ ಬಾಸ್ 1960ರಲ್ಲಿ ಹಿಚ್‌ಕಾಕ್‌ನ ಸೈಕೋಗೆ ಮಾಡಿದ ಟೈಟಲ್ ನೋಡಿ, ಅಡ್ಡ ಉದ್ದ ಪಟ್ಟಿಗಳು ಸರಿದು ಹೋಗ್ತವೆ, ಹೆಸರುಗಳು ಸೀಳಿದ ಹಾಗೆ ತುಂಡಾಗಿ ಬಂದು ಸೇರಿ ಮತ್ತೆ ಸೀಳ್ತವೆ. ಕತೆ ಇನ್ನೂ ಶುರುವಾಗಿಲ್ಲ, ಒಂದು ಮುಖನೂ ಬಂದಿಲ್ಲ, ಆಗ್ಲೇ ನೋಡೋರ ಮನಸ್ಸು ಕದಡಿರುತ್ತೆ. ಆಮೇಲೆ ಕಂಪ್ಯೂಟರ್ ಬಂದು, 1993ರಲ್ಲಿ ಆಫ್ಟರ್ ಎಫೆಕ್ಟ್ಸ್ ಬಂದು, ಇದು ಎಲ್ಲರ ಮೇಜಿಗೂ ಇಳೀತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಾನಿ ಲೀ, ಜೋಡಿ ಫೋರ್ಲಿಜ್ಜಿ, ಸ್ಕಾಟ್ ಹಡ್ಸನ್ 2002ರಲ್ಲಿ ಚಲಿಸೋ ಅಕ್ಷರಕ್ಕಾಗಿಯೇ ಒಂದು ಸಾಫ್ಟ್‌ವೇರ್ ವ್ಯವಸ್ಥೆ ಕಟ್ಟಿ ಅದರ ಬಗ್ಗೆ ಬರೆದ್ರು. ಅವರ ಗಮನ ಮಾತಿನ ಧಾಟಿ ಮೇಲಿತ್ತು, ಗಟ್ಟಿ ದನಿಗೆ ಗಾತ್ರ, ಏರಿಳಿತಕ್ಕೆ ಮೇಲೆ ಕೆಳಗಿನ ಚಲನೆ, ಮಾತಿನ ವೇಗಕ್ಕೆ ಪದ ಸ್ಕ್ರೀನಲ್ಲಿ ಇರೋ ಹೊತ್ತು, ಹೀಗೆ.

ಈಗ ನಿಮ್ಮ ಎರಡನೇ ಸಾಲಿಗೆ ಬರ್ತೀನಿ. ಇಲ್ಲಿ ಕೇಳ್ಬೇಕಾಗಿರೋದು ಯಾರ ಭಾವ, ಯಾವಾಗಿನ ಭಾವ ಅಂತ. ಆ ರಾತ್ರಿ ಗುಡ್ಡದ ಕೆಳಗೆ ನಿಂತ ಅಜ್ಜಿಗೆ ಆದ ಭಯ ಒಂದು. ಇಷ್ಟು ವರ್ಷ ಆದ್ಮೇಲೆ ಕೂತು ನಿಮಗೆ ಹೇಳ್ತಿರೋ ಅಜ್ಜಿಯ ಮನಸ್ಸು ಇನ್ನೊಂದು. ಆಡಿಯೋದಲ್ಲಿರೋದು ಎರಡನೇದು. ನೀವು ಅಕ್ಷರನ ನಡುಗಿಸಿದಾಗ ಮೊದಲನೇದನ್ನ ತೋರಿಸ್ತಿದೀರಿ. ಅದಕ್ಕೇ ದನಿ ಒಂದು ಕಡೆ ಅಕ್ಷರ ಇನ್ನೊಂದು ಕಡೆ ಅಂತ ನಿಮಗೆ ಅನ್ನಿಸ್ತಿರೋದು, ನಿಮ್ಮ ಕಿವಿ ಸರಿಯಾಗೇ ಹಿಡಿದಿದೆ. ಅವರು ನಡುಗದೆ ಹೇಳಿದ್ದನ್ನ ನಾವು ಅಕ್ಷರದಲ್ಲಿ ನಡುಗಿಸಿದ್ರೆ ಅವರು ಹೇಳದ ಮಾತನ್ನ ಅವರ ಬಾಯಿಗೆ ಹಾಕಿದ ಹಾಗೆ. ಇದು ವಿನ್ಯಾಸದ ಪ್ರಶ್ನೆ ಅನ್ನೋದಕ್ಕಿಂತ ನಂಬಿಕೆಯ ಪ್ರಶ್ನೆ, ಮುಖ ಬೇಡ ಅಂದವರು ಮಾತನ್ನ ನಿಮ್ಮ ಕೈಗೆ ಕೊಟ್ಟಿದಾರೆ.

ಆ ಸಾಲಿನಲ್ಲಿ ನಿಜವಾದ ಭಾವ ಇರೋದು ಮಾತಿಗೆ ಮುಂಚಿನ ಮೌನದಲ್ಲಿ ಅಂತ ನನಗೆ ಕಾಣುತ್ತೆ. ಹಿಂದಿನ ಸಾಲನ್ನ ತೆಗೆದ್ಬಿಡಿ, ಸ್ಕ್ರೀನ್ ಖಾಲಿ ಇರ್ಲಿ, ಮಳೆ ಸದ್ದು ಮಾತ್ರ. ಅವರು ಎಷ್ಟು ಹೊತ್ತು ಸುಮ್ಮನಿದ್ರೋ ಅಷ್ಟೂ ಹೊತ್ತು ಇರ್ಲಿ, ಬೇಜಾರಾಗುತ್ತೆ ಅಂತ ಕತ್ತರಿಸ್ಬೇಡಿ. ಆಮೇಲೆ "ಗುಡ್ಡದ" ಬರ್ಲಿ, "ಒಳಗಿಂದ" ಬರ್ಲಿ, ಎರಡರ ನಡುವೆ ಅವರು ಬಿಟ್ಟಷ್ಟೇ ಜಾಗ ಬಿಡಿ.

ಸಂಪಾಜೆ ಘಾಟಿ:

ಮೇಡಂ ಹೇಳಿದ್ದು ಯೋಚನೆ ಮಾಡುವ ವಿಷಯ. ಆದ್ರೂ ನಾನು ಪೂರ್ತಿ ಒಪ್ಪುದಿಲ್ಲ. ಅಜ್ಜಿಯ ದನಿ ಕೇಳಿ ಅರ್ಥ ಮಾಡ್ಕೊಳ್ಳುವ ಶಕ್ತಿ ನಮಗೆ ಉಂಟು, ಯಾಕಂದ್ರೆ ನಮ್ಮ ಮನೆ ಹಿರಿಯರು ಹೀಗೇ ಮಾತಾಡುದು, ದುಃಖ ಎಷ್ಟು ದೊಡ್ಡದೋ ದನಿ ಅಷ್ಟು ಚಪ್ಪಟೆ. ಗುಡ್ಡ ನೋಡದವರಿಗೆ ಆ ಚಪ್ಪಟೆ ದನಿ ಕೇಳಿದ್ರೆ ಇವರಿಗೆ ಏನೂ ಅನ್ನಿಸ್ಲಿಲ್ಲವೋ ಅಂತ ಆಗ್ಬಹುದು. ಅವರಿಗೆ ಒಂದು ಕೈ ಹಿಡಿಯುದು ಬೇಡ್ವಾ? ಅಕ್ಷರ ನಡುಗುದು ಬೇಡ ಅಂದ್ರೆ ಹಿಂದಿನ ಶಾಟ್ ನಡುಗ್ಲಿ. ಗುಡ್ಡದ ಚಿತ್ರ ಅರ್ಧ ಸೆಕೆಂಡ್ ಒಂದೆರಡು ಪಿಕ್ಸೆಲ್ ಅಲುಗಲಿ, ಅಕ್ಷರ ನಿಂತಲ್ಲೇ ನಿಲ್ಲಲಿ. ಅಲುಗಿದ್ದು ನೆಲ, ಅಜ್ಜಿ ಅಲ್ಲ.

ಪಾಠದ ಮನೆ:

ಇದು ನನಗೆ ಹೊಳೆದಿರ್ಲಿಲ್ಲ. ಚೆನ್ನಾಗಿದೆ, ಹೀಗೆ ಮಾಡಿದ್ರೆ ಇಬ್ಬರ ಮಾತೂ ಉಳಿಯುತ್ತೆ.

ಗೋಣಿಕೊಪ್ಪ ಓದುಗ:

ಎಡಿಟಿಂಗ್ ಗೊತ್ತಿಲ್ಲ, ನೋಡೋ ಕಡೆಯಿಂದ ಎರಡು ಮಾತು. ನನ್ನ ತಮ್ಮನಿಗೆ ಕಿವಿ ಕೇಳಲ್ಲ. ಅವನಿಗೆ ವಿಡಿಯೋ ಅಂದ್ರೆ ಅಕ್ಷರನೇ. ಸಾಮಾನ್ಯ ಸಬ್‌ಟೈಟಲ್ ಓದಿದ್ರೆ ಏನು ಹೇಳಿದ್ರು ಅಂತ ಗೊತ್ತಾಗುತ್ತೆ, ಹೇಗೆ ಹೇಳಿದ್ರು ಅಂತ ಗೊತ್ತಾಗಲ್ಲ. ನೀವೆಲ್ಲಾ ಮಾತಾಡ್ತಿರೋ ಈ ನಿಧಾನ, ಈ ಮೌನ, ತೆಳು ದಪ್ಪ ಇವೆಲ್ಲಾ ಅವನಿಗೆ ಅಲಂಕಾರ ಅಲ್ಲ, ಅಜ್ಜಿಯ ದನಿ ಅವನಿಗೆ ಸಿಗೋದು ಇದರಿಂದ ಮಾತ್ರ. ಸ್ಕ್ರೀನ್ ಖಾಲಿ ಬಿಟ್ಟಾಗ ಅಲ್ಲಿ ಮಳೆ ಸದ್ದಿದೆ ಅಂತ ಅವನಿಗೆ ಹೇಗೆ ಗೊತ್ತಾಗ್ಬೇಕು? ಒಂದು ಮೂಲೇಲಿ ಸಣ್ಣದಾಗಿ "ಮಳೆ ಸದ್ದು" ಅಂತ ಹಾಕಿ, ದಯವಿಟ್ಟು.

ಮಿಂಚಿನ ಫ್ಲ್ಯಾಶ್ ಮಾತ್ರ ಬೇಡ. ವೇಗವಾಗಿ ಮಿನುಗೋ ಬೆಳಕಿಂದ ಕೆಲವರಿಗೆ ಫಿಟ್ಸ್ ಬರುತ್ತೆ. ಯಾವ ಒಂದು ಸೆಕೆಂಡಲ್ಲೂ ಮೂರಕ್ಕಿಂತ ಹೆಚ್ಚು ಸಲ ಮಿನುಗಬಾರದು ಅಂತ ವೆಬ್ ಎಲ್ಲರಿಗೂ ಬಳಸೋಕಾಗ್ಬೇಕು ಅಂತ ಮಾಡಿರೋ ಡಬ್ಲ್ಯೂಸಿಎಜಿ ನಿಯಮದಲ್ಲೇ ಇದೆ. ಆ ರಾತ್ರಿ ಬದುಕಿ ಬಂದವರೂ ಈ ವಿಡಿಯೋ ನೋಡ್ತಾರೆ ಅನ್ನೋದನ್ನೂ ನೆನಪಿಟ್ಕೊಳ್ಳಿ, ಅವರನ್ನ ಬೆಚ್ಚಿಬೀಳಿಸಿ ಆಗ್ಬೇಕಾಗಿದ್ದೇನಿಲ್ಲ.

ಸಂಪಾಜೆ ಘಾಟಿ:

ಫ್ಲ್ಯಾಶ್ ವಿಷಯ ಒಪ್ಪಿದೆ. ತೆಗೀರಿ ಅದನ್ನ.

ಕುಶಾಲನಗರ ಸ್ಟುಡಿಯೋ:

ಓದುಗರು ಹೇಳಿದ್ದಕ್ಕೆ ಸೇರಿಸ್ತೀನಿ, ಇದು ಹೆಚ್ಚು ಜನ ನೋಡೋದು ಫೋನಲ್ಲಿ, ಅದೂ ವಾಟ್ಸಾಪಲ್ಲಿ ಒಬ್ಬರಿಂದ ಒಬ್ಬರಿಗೆ ಹೋಗಿ. ವಾಟ್ಸಾಪ್ ವಿಡಿಯೋನ ಹಿಂಡಿ ಕಳಿಸುತ್ತೆ, ತೆಳು ಅಕ್ಷರದ ಅಂಚು ಮೊದಲು ಹೋಗುತ್ತೆ, ಅನೇಕ್‌ನ ತೀರಾ ತೆಳು ತೂಕ ಕಂಪ್ಯೂಟರಲ್ಲಿ ಎಷ್ಟು ಚೆಂದ ಕಂಡ್ರೂ ಅಲ್ಲಿ ಕಲಸಿ ಹೋಗುತ್ತೆ. ರೆಗ್ಯುಲರ್‌ಗಿಂತ ತೆಳು ಹೋಗ್ಬೇಡಿ. ಮಂಜಿನ ಶಾಟ್ ಮೇಲೆ ಬಿಳಿ ಅಕ್ಷರ ಹಾಕಿದ್ರೆ ಓದೋಕಾಗಲ್ಲ, ಶಾಟನ್ನೇ ಸ್ವಲ್ಪ ಕಪ್ಪು ಮಾಡಿ, ಅಕ್ಷರಕ್ಕೆ ನೆರಳು, ಅಂಚು ಎಲ್ಲಾ ಕೊಡೋದಕ್ಕಿಂತ ಅದು ಚೆನ್ನಾಗಿ ಕಾಣುತ್ತೆ. ಕಳಿಸೋ ಮುಂಚೆ ನಿಮ್ಮದೇ ಇನ್ನೊಂದು ನಂಬರಿಗೆ ವಾಟ್ಸಾಪ್ ಮಾಡಿ ಸಣ್ಣ ಫೋನಲ್ಲಿ ಬಿಸಿಲಲ್ಲಿ ನಿಂತು ನೋಡಿ.

ಸಾಲು ಎಷ್ಟು ಹೊತ್ತು ನಿಲ್ಬೇಕು ಅನ್ನೋದಕ್ಕೆ ಇಂಗ್ಲಿಷ್ ಸಬ್‌ಟೈಟಲ್‌ನ ಲೆಕ್ಕ ತಗೋಬೇಡಿ. ಬಿಬಿಸಿಯವರು ನಿಮಿಷಕ್ಕೆ 160ರಿಂದ 180 ಪದ ಅಂತಾರೆ, ಕನ್ನಡದ ಉದ್ದ ಪದಕ್ಕೆ ಅದು ಓಟ ಆಗುತ್ತೆ. ಗಟ್ಟಿಯಾಗಿ ಒಂದು ಸಲ ಓದಿ, ಮುಗಿದ ಮೇಲೂ ಒಂದು ಸೆಕೆಂಡ್ ಇರ್ಲಿ.

ಮಂಜಿನೂರು:

ಇಷ್ಟು ಬರುತ್ತೆ ಅಂದ್ಕೊಂಡಿರ್ಲಿಲ್ಲ. ಈಗ ಹೀಗೆ ಮಾಡಿದೀನಿ: ಮೊದಲ ಸಾಲು ಪದ ಪದವಾಗಿ ಮೆಲ್ಲಗೆ ಮೂಡುತ್ತೆ, "ಮಗಾ" ಅನ್ನೋದು ಮಾತ್ರ ಉಳಿದಿದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು ತಗೊಳ್ಳುತ್ತೆ ಯಾಕಂದ್ರೆ ಅವರು ಅದನ್ನ ಎಳೀತಾರೆ. ಎರಡನೇದಕ್ಕೆ ಖಾಲಿ ಸ್ಕ್ರೀನು, ಮೂಲೇಲಿ "ಮಳೆ ಸದ್ದು", ಆಮೇಲೆ ಪದಗಳು, "ಸದ್ದು" ಬಂದಾಗ ಹಿಂದಿನ ಗುಡ್ಡ ಮಾತ್ರ ಒಂದಿಷ್ಟು ಅಲುಗುತ್ತೆ, ಅಕ್ಷರ ಅಲುಗಲ್ಲ. ಮೂರನೇದು ಕಟ್. ಅಜ್ಜಿಯ ಮಗಳಿಗೆ ತೋರಿಸ್ದೆ, ಅವರು ಅಲುಗೋದು ಇರ್ಲಿ ಅಂದ್ರು, ಹಾಗಾಗಿ ಇಟ್ಕೊಂಡಿದೀನಿ.

ಕೊನೇ ಪ್ರಶ್ನೆ. ನಡುವೆ ಎರಡು ಕಡೆ ಅಜ್ಜಿ ಕೊಡವ ತಕ್ಕ್‌ಗೆ (ಕೊಡವ ಭಾಷೆಗೆ) ಹೊರಳ್ತಾರೆ. ಅದನ್ನ ಕನ್ನಡ ಲಿಪೀಲಿ ಬರೆದು ಕೆಳಗೆ ಕನ್ನಡದ ಅರ್ಥ ಕೊಡ್ಬೇಕು ಅಂತಿದೀನಿ. ಎರಡನ್ನೂ ಅನಿಮೇಟ್ ಮಾಡಿದ್ರೆ ಕಣ್ಣು ಯಾವುದನ್ನ ಹಿಡೀಬೇಕು ಅಂತ ಗೊತ್ತಾಗದೆ ಗೊಂದಲ ಆಗ್ತಿದೆ.

ಅಕ್ಷರಕೊಟ್ಟಿಗೆ:

ಬಾಯಿಂದ ಬಂದ ಸಾಲು ಮಾತ್ರ ಚಲಿಸ್ಲಿ. ಅರ್ಥದ ಸಾಲು ನಿಮ್ಮದು, ಅವರದ್ದಲ್ಲ, ಅದು ಚಿಕ್ಕ ಗಾತ್ರದಲ್ಲಿ ಸುಮ್ಮನೆ ಬಂದು ಸುಮ್ಮನೆ ಹೋಗ್ಲಿ, ಮೂಡೋದೂ ಬೇಡ ಕರಗೋದೂ ಬೇಡ. ಕೊಡವ ತಕ್ಕ್ ಪೂರ್ತಿ ಮುಗಿದ ಮೇಲೆ ಅರ್ಧ ಸೆಕೆಂಡ್ ಬಿಟ್ಟು ಅರ್ಥ ಬರ್ಲಿ, ಆಗ ತಕ್ಕ್ ಗೊತ್ತಿರೋರಿಗೆ ಅವರ ಮಾತು ನೇರವಾಗಿ ತಲುಪುತ್ತೆ, ಗೊತ್ತಿಲ್ಲದೋರೂ ಒಂದು ಸಲ ಆ ದನಿನ ದನಿಯಾಗಿ ಕೇಳ್ತಾರೆ. ಎರಡಕ್ಕೂ ಒಂದೇ ಫಾಂಟು ಇರ್ಲಿ, ಬೇರೆ ಫಾಂಟ್ ಕೊಟ್ರೆ ಎರಡು ಜನ ಮಾತಾಡ್ತಿರೋ ಹಾಗೆ ಕಾಣುತ್ತೆ. ಕೊಡವ ತಕ್ಕ್‌ನ ಕಾಗುಣಿತ ಮಾತ್ರ ನೀವೇ ಊಹೆ ಮಾಡಿ ಬರೀಬೇಡಿ, ಆ ಭಾಷೇಲಿ ಬರೆಯೋ ಅಭ್ಯಾಸ ಇರೋರಿಗೆ ತೋರಿಸಿ, ಶೇಪ್ ಮಾಡೋಕೆ ಮುಂಚೆ.